ಹಕ್ಕು ಬಿಡುಗಡೆಯ ಸೀರೆ

ಆ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಇಳಿಯಲು ಬಿಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಯಜಮಾನರು ಉಪ್ಪಿಟ್ಟಿನ ಡಬ್ಬಿ ಹಿಡಿದು ಫ್ಯಾಕ್ಟರಿಗೆ ಹೊರಟರು. ಅಷ್ಟರಲ್ಲಿ ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ಬಂದಳು. ದಿನವೂ ಹಳೇ ನೈಟಿಯ ಮೇಲೆ ಟವೆಲ್ ಹೊದ್ದು ಬರುವವಳು ಅಂದು ಹೊಸ ಸೀರೆ ಉಟ್ಟಿದ್ದಳು. ಫಾಲ್ ಹೊಲಿಸಿರಲಿಲ್ಲ, ಸೆರಗಿನ ತುದಿಯಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು.

ಸೀರೆ, ಒಂದು ಡಜನ್ ಬಳೆ, ಜೊತೆಗೊಂದು ಜೆರಾಕ್ಸ್ ಕಾಗದ. ತವರೂರು ಹೆಮ್ಮಿಗೆಯಿಂದ ಅವಳ ಅಣ್ಣ ಹಿಂದಿನ ಸಂಜೆ ತಂದುಕೊಟ್ಟು ಹೋಗಿದ್ದನಂತೆ. ತೀರಿಹೋದ ಅಪ್ಪನ ಖಾತೆ ಬದಲಾಯಿಸಬೇಕು, ಬೆಳಗಾದ ಮೇಲೆ ಟಿ. ನರಸೀಪುರದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕು ಎಂದಿದ್ದನಂತೆ. ಅವಳಿಗೆ ಹೆಸರು ಬರೆಯಲು ಬರುತ್ತದೆ, ಅಷ್ಟೇ. ನೀವು ಕಾನ್ವೆಂಟಿನಲ್ಲಿ ಓದಿದವರು, ಒಂದು ಸಲ ನೋಡಿ ಎಂದು ಕಾಗದವನ್ನು ನನ್ನ ಮುಂದೆ ಹಿಡಿದಳು.

ಕೈ ಒರೆಸಿಕೊಂಡು ಓದಿದೆ. ಅದು ಹಕ್ಕು ಬಿಡುಗಡೆ ಪತ್ರ. ಮದುವೆಯಲ್ಲಿ ಒಡವೆ ವಸ್ತ್ರ ಪಡೆದು ತೃಪ್ತಳಾಗಿರುವುದರಿಂದ, ತಂದೆಯ ಗದ್ದೆಯಲ್ಲಿ ತನಗಿರುವ ಭಾಗವನ್ನು ಸ್ವಇಚ್ಛೆಯಿಂದ ಅಣ್ಣನಿಗೆ ಬಿಟ್ಟುಕೊಟ್ಟಿರುವುದಾಗಿ ಅವಳೇ ಹೇಳಿದಂತೆ ಬರೆಸಿದ್ದರು. ತೃಪ್ತಳಂತೆ! ಗಂಡ ಬಿಟ್ಟುಹೋಗಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಪಿಯುಸಿ ಓದುವ ಮಗಳನ್ನಿಟ್ಟುಕೊಂಡು, ನಾಲ್ಕು ಮನೆಯ ಮುಸುರೆ ತಿಕ್ಕುವವಳು ತೃಪ್ತಳು. ನಾಲೆ ಬದಿಯ ಆ ಭತ್ತದ ಗದ್ದೆಯ ಪಾಲು ಬಿಟ್ಟರೆ ಅವಳದು ಎನ್ನುವಂಥದ್ದು ಭೂಮಿಯ ಮೇಲೆ ಬೇರೇನೂ ಇರಲಿಲ್ಲ.

ಓದಿ ಹೇಳಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ತವರು ಮುಚ್ಚಿತು ಅಂದುಕೋ ಎಂದು ಅಣ್ಣ ಮೊದಲೇ ಹೇಳಿದ್ದನಂತೆ. ತಂಗಿ ಓದಲಾರಳೆಂದು ಗೊತ್ತಿದ್ದೂ ಹೆದರಿಸಿಯೇ ಹೋಗಿದ್ದ.

ನಮ್ಮ ಮಹಿಳಾ ಸಂಘಕ್ಕೆ ಒಮ್ಮೆ ಕಾನೂನು ತಿಳಿಸಲು ಬಂದಿದ್ದ ವಕೀಲೆಯ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದೆ. ನರಸೀಪುರದ ಕೋರ್ಟಿನಲ್ಲಿ ಬಡ ಹೆಂಗಸರ ಕೇಸುಗಳನ್ನು ಪುಕ್ಕಟೆ ನಡೆಸುವಾಕೆ. ಫೋನ್ ಮಾಡಿದೆ. ಕರೆದುಕೊಂಡು ಬನ್ನಿ ಎಂದರು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಕೇಳಿದಳು: "ನಿಮ್ಗೂ ಇಂಥ ಕಾಗ್ದ ಬಂದಿತ್ತಾ ಅಮ್ಮಾ?"

ಬಂದಿತ್ತು. ನನ್ನ ಅಣ್ಣಂದಿರು ಕಾರಿನಲ್ಲಿ ಬಂದಿದ್ದರು, ನನ್ನದು ರೇಷ್ಮೆ ಸೀರೆ. ಅವಳಂತಲ್ಲ, ನನಗೆ ಎರಡು ಭಾಷೆ ಓದಲು ಬರುತ್ತಿತ್ತು. ಆದರೆ ಅಣ್ಣಂದಿರು ಕೊಟ್ಟ ಕಾಗದವನ್ನು ಅವರೆದುರೇ ಓದಿದರೆ ಅನುಮಾನ ಪಟ್ಟಂತಾಗುತ್ತದೆ, ಮರ್ಯಾದೆಯಲ್ಲ ಎಂದುಕೊಂಡೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ದುಂಡಗಿನ ಅಕ್ಷರದಲ್ಲಿ ಪ್ರತಿ ಹಾಳೆಗೂ ಸಹಿ ಹಾಕಿ, ಹೋಟೆಲಿನಲ್ಲಿ ಅವರು ಕೊಡಿಸಿದ ಊಟ ಮಾಡಿ ಬಂದೆ. ಆ ಮರ್ಯಾದೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಓದದೆ ಸಹಿ ಹಾಕಿದೆ ಎಂದಷ್ಟೇ ಹೇಳಿದೆ. ಅವಳು ಸೆರಗಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ವಕೀಲೆ ಕಾಗದವನ್ನು ಒಂದೊಂದೇ ಸಾಲು ಓದಿ, ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು. "ಇದು ನಿಮ್ಮಣ್ಣ ಕೊಡೋ ಪಾಲಲ್ಲ ಕಣವ್ವ, ನೀನು ಹುಟ್ಟಿದ ದಿನಾನೇ ನಿಂದು. ಬಿಡೋದು ಬಿಡದೇ ಇರೋದು ನಿನಗೆ ಸೇರಿದ್ದು. ನಾನು ಹೇಳ್ಕೊಡಲ್ಲ."

ಅಷ್ಟರಲ್ಲಿ ಅಣ್ಣ ಸಾಕ್ಷಿಗೆಂದು ಇಬ್ಬರನ್ನು ಕರೆದುಕೊಂಡು ಬಂದ. ಕಪ್ಪು ಕೋಟು ನೋಡಿ ನಕ್ಕ.

"ಲಾಯರಮ್ಮನ್ನೇ ಕರ್ಕಂಡ್ ಬಂದಿದ್ದೀಯಲ್ಲವ್ವ. ಇನ್ಮೇಲೆ ಬಾಗಿನಾನೂ ಕೋರ್ಟಲ್ಲೇ ಇಸ್ಕೊ."

ಸಾಕ್ಷಿಗಳೂ ನಕ್ಕರು. ನಾನು ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಒಳಗೆ ಹೋಗಿ ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಕೂತಳು. ಸಹಿ ಹಾಕಿಯೇಬಿಡುತ್ತಾಳೆ ಎಂದುಕೊಂಡೆ. ಅಧಿಕಾರಿ ತಲೆ ಎತ್ತದೆ, ಎಲ್ಲರನ್ನೂ ಕೇಳುವಂತೆ, ನಿಮ್ಮ ಇಷ್ಟದಿಂದಲೇ ಬರೆದುಕೊಡುತ್ತಿದ್ದೀರಾ ಎಂದು ಕೇಳಿದರು.

"ಇಲ್ಲ ಸಾ," ಎಂದಳು. "ನಂಗಿಷ್ಟ ಇಲ್ಲ."

ಅಧಿಕಾರಿ ಆಗ ಅವಳ ಮುಖ ನೋಡಿದರು. ಪತ್ರ ಅಣ್ಣನ ಕೈಗೆ ವಾಪಸ್ಸಾಯಿತು. ಅವನು ತಂಗಿಯ ಕಡೆ ತಿರುಗಿಯೂ ನೋಡದೆ ಬೈಕ್ ಹತ್ತಿ ಹೋದ.

ವಕೀಲೆ ಅಲ್ಲಿಂದಲೇ ನಮ್ಮನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದು, ಅವಳನ್ನು ಬಿಟ್ಟು ಖಾತೆ ಮಾಡಬಾರದೆಂದು ತಕರಾರು ಅರ್ಜಿ ಬರೆದರು. ಸಹಿ ಹಾಕು ಎಂದು ಪೆನ್ನು ಕೊಟ್ಟರೆ ಅವಳು ಕಾಗದವನ್ನು ನನ್ನ ಕಡೆ ಚಾಚಿದಳು.

"ಇದ್ನೂ ಒಂದ್ಸಲ ಓದಿ ಏಳಿ ಅಮ್ಮಾ."

ವಕೀಲೆ ಜೋರಾಗಿ ನಕ್ಕರು. ನಾನು ಓದಿದೆ, ಒಂದು ಪದವನ್ನೂ ಬಿಡದೆ.

ಸಂಜೆ ನಂಜನಗೂಡಿಗೆ ಮರಳಿದಾಗ ಬೆಳಗಿನ ಪಾತ್ರೆಗಳು ಹಾಗೇ ಬಿದ್ದಿದ್ದವು. ನಾಳೆ ತೊಳೆದರಾಯಿತು ಎಂದು ಅವಳನ್ನು ಮಗಳ ಹತ್ತಿರ ಕಳುಹಿಸಿದೆ. ಹೋಗುವಾಗ ಪಕ್ಕದ ಮನೆಯಾಕೆಗೂ ನಡೆದದ್ದನ್ನು ಹೇಳಿ ಹೋದಳೆಂದು ಕಾಣುತ್ತದೆ; ಆ ಮನೆಯ ಪಾತ್ರೆ ತೊಳೆಯುವವಳೂ ಅವಳೇ. ನಾನು ಕರಿಬೇವು ಕೀಳುತ್ತಿದ್ದಾಗ ಆಕೆ ಒಣಗಿದ ಬಟ್ಟೆ ತೆಗೆಯುತ್ತಾ ಕಾಂಪೌಂಡಿನ ಆಚೆಯಿಂದ ಅಂದರು:

"ಸೈನ್ ಹಾಕ್ಲಿಲ್ವಂತಲ್ಲ. ಹೋಗ್ಲಿ, ಆ ಸೀರೆನಾದ್ರೂ ವಾಪಸ್ ಕೊಡೋದು ಮರ್ಯಾದೆ ಅಲ್ವೇನ್ರೀ?"