ಅಕ್ಕನಿಗೆ ನಾನೂರು ಜನ ಪರಿಚಯ

ನಮ್ಮಕ್ಕ ಹಲ್ಲು ಮಾಡುತ್ತಾಳೆ ಎಂದರೆ ಜನ ಮೊದಲು ನಗುತ್ತಾರೆ. ಹಲ್ಲು ಕೀಳುವವರು ಬೇರೆ, ಮಾಡುವವರು ಬೇರೆ ಎಂದು ನಾನೇ ಬಿಡಿಸಿ ಹೇಳಬೇಕು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಕ್ಕ ಅದರ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ತೀಡಿ, ಸೆಟ್ ಮಾಡಿ, ಹೊಳಪು ಕೊಟ್ಟು ವಾಪಸ್ ಕಳಿಸುತ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅವಳು ಮಾಡಿದ ಹಲ್ಲು ಹಾಕಿಕೊಂಡವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿಲ್ಲ. ಅಚ್ಚಿನ ಜೊತೆ ಒಂದು ಚೀಟಿ ಬರುತ್ತದೆ, ಅದರಲ್ಲಿ ಒಂದು ನಂಬರು ಮತ್ತು ಹಲ್ಲಿನ ಬಣ್ಣ ಇರುತ್ತದೆ, ಅಷ್ಟೇ.

"ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರೆ. ನಿನಗೆ ಸಾವಿರ ಹಲ್ಲಿದ್ರೂ ಮಾತಾಡೋಕೆ ಒಂದು ಬಾಯಿಲ್ಲ ನೋಡು" ಎಂದು ನಾನು ರೇಗಿಸುತ್ತಿದ್ದೆ. ಅಕ್ಕ ನಗುತ್ತಿದ್ದಳು. ನಾನು ಅದನ್ನು ತಮಾಷೆ ಎಂದೇ ತಿಳಿದಿದ್ದೆ.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಮದುವೆಯಾಗಲಿಲ್ಲ. ಮನೆಯೆಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅವಳಿಗೆ ಐವತ್ತೊಂದು ತುಂಬಿದ ವರ್ಷ ಮಾಲೀಕರು ಲ್ಯಾಬ್ ಮುಚ್ಚುವುದಾಗಿ ಹೇಳಿ ಮೂರು ತಿಂಗಳು ಗಡುವು ಕೊಟ್ಟರು. ಆ ಭಾನುವಾರವೇ ನಾನು ಅವಳ ಮನೆಗೆ ಓಡಿದೆ. ಉದ್ಯೋಗಸ್ಥರೆಲ್ಲ ಸೇರಿ ಪರಿಚಯ ಬೆಳೆಸಿಕೊಳ್ಳುವ ಜಾಲತಾಣವೊಂದಿದೆಯಲ್ಲ, ಅದರಲ್ಲಿ ಅವಳಿಗೊಂದು ಖಾತೆ ತೆರೆದೆ. ನಾನು ವಿಮಾ ಕಚೇರಿಯವಳು, ಅಲ್ಲಿ ಹೇಗೆ ಬಡಾಯಿ ಕೊಚ್ಚಬೇಕೆಂದು ನನಗೆ ಚೆನ್ನಾಗಿ ಗೊತ್ತು.

ನಿಮಗೆ ಗೊತ್ತಿರುವವರನ್ನು ಸೇರಿಸಿ ಎಂದಿತು ಜಾಲತಾಣ. ಅಕ್ಕನ ಫೋನಿನಲ್ಲಿ ಹದಿನಾಲ್ಕು ನಂಬರುಗಳಿದ್ದವು. ಗ್ಯಾಸಿನವನು, ನಲ್ಲಿ ರಿಪೇರಿಯವನು, ಮಾಲೀಕರು, ಐದು ಕ್ಲಿನಿಕ್ಕುಗಳು. ಉಳಿದ ಆರರಲ್ಲಿ ನಾಲ್ಕು ನನ್ನವೇ, ಹಳೆಯ ನಂಬರು ಕೂಡ ಅಳಿಸಿರಲಿಲ್ಲ.

"ಯಾಕೆ ಇಟ್ಕೊಂಡಿದೀಯ ಇದನ್ನ?"

"ಇರಲಿ ಬಿಡೇ" ಎಂದಳು.

ನಾನು ದಂತವೈದ್ಯರು, ಲ್ಯಾಬಿನವರು ಎಂದು ಕಂಡಕಂಡವರಿಗೆಲ್ಲ ಕೋರಿಕೆ ಕಳಿಸಿದೆ. ಗುರುತು ಪರಿಚಯ ಇಲ್ಲದವರ ಬಾಗಿಲು ಬಡಿದಂತಾಗುತ್ತದೆ ಎಂದು ಅಕ್ಕ ಸಂಕೋಚಪಟ್ಟಳು. ಆಗಲೇ ನಮ್ಮ ಕಣ್ಣಿಗೆ ಆ ಜಾಹೀರಾತು ಬಿದ್ದದ್ದು. ಹತ್ತಾರು ಶಾಖೆಗಳಿರುವ ದೊಡ್ಡದೊಂದು ದಂತ ಚಿಕಿತ್ಸಾಲಯದವರ ಲ್ಯಾಬಿಗೆ ಅನುಭವಸ್ಥರು ಬೇಕಾಗಿದ್ದರು. ನಾನು ಸಂಬಳ ನೋಡಿದೆ. ಅಕ್ಕ ಫೋಟೋ ನೋಡಿದಳು. ಉದ್ದನೆಯ ಮೇಜಿನ ಸುತ್ತ ಆರು ಜನ, ಒಬ್ಬಳು ಏನೋ ಹೇಳುತ್ತಿದ್ದಾಳೆ, ಉಳಿದವರು ನಗುತ್ತಿದ್ದಾರೆ.

"ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡ್ತಾರೆ ಅನ್ಸುತ್ತೆ ಕಣೇ. ಊಟಾನೂ ಒಟ್ಟಿಗೇ ಇರಬೇಕು" ಎಂದಳು. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಈ ಕೆಲಸ ಸಿಕ್ಕಿಬಿಟ್ರೆ ಸಾಕು. ಸಂಬಳ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ."

ಅರ್ಜಿ ಹಾಕಿದೆವು. ಮುಂದಿನದನ್ನೆಲ್ಲ ನಾನು ಫೋನಿನಲ್ಲೇ ಹೇಳಿಕೊಟ್ಟೆ. ಪರಿಚಿತರ ಸಂಖ್ಯೆ ನೂರಾಯಿತು, ಮುನ್ನೂರಾಯಿತು, ನಾನೂರು ದಾಟಿತು. ಯಾರದ್ದೋ ಕೆಲಸಕ್ಕೆ ಐದು ವರ್ಷವಾಯಿತು ಎಂದು ಜಾಲತಾಣ ತಿಳಿಸಿದರೆ ಉಳಿದವರು ಮೆಚ್ಚುಗೆಯ ಹೆಬ್ಬೆರಳೊಂದನ್ನು ಒತ್ತಿ ಸುಮ್ಮನಾಗುತ್ತಾರೆ. ಅಕ್ಕ ಅದರ ಕೆಳಗೆ ಕಾಗದವನ್ನೇ ಬರೆಯುತ್ತಿದ್ದಳು: ಐದು ವರ್ಷ ಅಂದರೆ ಕಮ್ಮಿಯಲ್ಲ, ಬಹಳ ಹೊತ್ತು ಕೂತು ಕೆಲಸ ಮಾಡುವವರು ನೀವು, ಬೆನ್ನು ನೋಡಿಕೊಳ್ಳಿ. ಯಾರೂ ಉತ್ತರ ಕೊಡುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನಾನು ಗದರಿಸಿದೆ. "ಅಷ್ಟೆಲ್ಲ ಬರೀಬೇಡ. ಆ ಚಿಕಿತ್ಸಾಲಯದವರು ಏನಾದ್ರೂ ಹಾಕಿದ್ರೆ ಅದರ ಕೆಳಗೆ ಎರಡು ಮಾತು ಬರಿ. ಅವರ ಕಣ್ಣಿಗೆ ಬೀಳಬೇಕು ನೀನು."

ಬಿದ್ದಳು.

ಅವರು ಹಾಕಿದ್ದು ಒಬ್ಬ ಹೆಂಗಸಿನ ಫೋಟೋ. ಹೊಸ ಹಲ್ಲು ಕಟ್ಟಿಸಿಕೊಂಡು ಹಲ್ಲು ಕಚ್ಚಿ ನಗುತ್ತಿದ್ದಳು. ಕೆಳಗೆ ಇನ್ನೂರು ಜನರ ಆಹಾ, ಓಹೋ. ಅಕ್ಕನ ಕಸುಬಿನಲ್ಲಿ ಒಂದು ನಿಯಮವಿದೆ. ಅಚ್ಚಿನಲ್ಲಿ ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡು ಕೆಲಸ ಶುರು ಮಾಡುವಂತಿಲ್ಲ. ಡಾಕ್ಟರು ಎಷ್ಟೇ ದೊಡ್ಡವರಾಗಲಿ, ತಪ್ಪನ್ನು ಚೀಟಿಯಲ್ಲಿ ಬರೆದು ವಾಪಸ್ ಕಳಿಸಬೇಕು. ಇಪ್ಪತ್ತಾರು ವರ್ಷದ ಅಭ್ಯಾಸ. ಇನ್ನೂರು ಮೆಚ್ಚುಗೆಗಳ ಕೆಳಗೆ ಅವಳು ಚೀಟಿ ಬರೆದಳು: "ಎಡಗಡೆ ಮೇಲಿನ ಕೋರೆಹಲ್ಲು ಎತ್ತರವಾಗಿದೆ. ಕಚ್ಚಿದಾಗ ಬಲಗಡೆ ಕೂದಲೆಳೆಯಷ್ಟು ಸಂದಿ ಕಾಣುತ್ತಿದೆ. ಹೀಗೇ ಬಿಟ್ಟರೆ ದವಡೆ ನೋಯುತ್ತದೆ. ಕರೆಸಿ ಸ್ವಲ್ಪ ಸವೆಸಿಕೊಡಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಹಾಗೇ ಆಯಿತು. ಒಂದೇ ಗಂಟೆಯಲ್ಲಿ ಅವಳ ಮಾತು ಅಳಿಸಿಹೋಯಿತು. ಮರುದಿನ ಅರ್ಜಿಗೆ ಉತ್ತರ ಬಂತು, ಕ್ಷಮಿಸಿ ಎಂದು. ನಾನು ಫೋನಿನಲ್ಲೇ ಕೂಗಾಡಿದೆ. "ನಿನಗೆ ಬುದ್ಧಿ ಇದೆಯಾ ಅಕ್ಕ? ಎಲ್ಲರ ಮುಂದೆ ಹಾಗೆ ಬರೀತಾರಾ?"

"ನೋಯುತ್ತೆ ಕಣೇ ಅವರಿಗೆ" ಎಂದಳು ಅಕ್ಕ.

ನಾಲ್ಕು ದಿನ ಬಿಟ್ಟು ಆ ಫೋಟೋದ ಹೆಂಗಸೇ ಅಕ್ಕನಿಗೆ ಬರೆದಳು. ಮಾತು ಅಳಿಸುವ ಮೊದಲು ಓದಿದ್ದಳಂತೆ. ಮೂರು ವಾರದಿಂದ ದವಡೆ ನೋವು, ಅಭ್ಯಾಸ ಆಗುತ್ತದೆ ಎಂದು ಅಲ್ಲಿಯವರು ಸಾಗಹಾಕುತ್ತಿದ್ದಾರೆ, ಏನು ಮಾಡಲಿ? ಬೇರೆ ಡಾಕ್ಟರ ಹತ್ತಿರ ಹೋಗಿ ಏನು ಹೇಳಬೇಕೆಂದು ಅಕ್ಕ ವಿವರವಾಗಿ ತಿಳಿಸಿದಳು. ವಾರದಲ್ಲಿ ಉತ್ತರ ಬಂತು: ನೋವು ಹೋಯಿತು, ತುಂಬಾ ಥ್ಯಾಂಕ್ಸ್. ಹಲ್ಲು ಸವೆಸಿ ಸರಿಮಾಡಿದ ಆ ಸಣ್ಣ ಕ್ಲಿನಿಕ್ಕಿನ ಡಾಕ್ಟರು, ಇದನ್ನು ಬರೀ ಫೋಟೋದಲ್ಲಿ ಕಂಡುಹಿಡಿದವರು ಯಾರು ಎಂದು ಕೇಳಿ, ಅಕ್ಕನನ್ನು ಹುಡುಕಿ ತಮ್ಮ ಕೆಲಸವನ್ನೆಲ್ಲ ಅವಳಿಗೇ ಒಪ್ಪಿಸಿದರು. ಅಚ್ಚುಗಳನ್ನು ಮನೆಗೇ ಪಾರ್ಸೆಲ್ ಕಳಿಸುತ್ತಾರೆ. ಮಾಡಿ ಪಾರ್ಸೆಲ್‌ನಲ್ಲೇ ಕಳಿಸಿದರಾಯಿತು. ಎಲ್ಲಿಗೂ ಹೋಗಬೇಕಾಗಿಯೇ ಇಲ್ಲ.

ನನಗೆ ಹಿಗ್ಗೋ ಹಿಗ್ಗು. 'ಸ್ವಂತ ಲ್ಯಾಬ್ ಆರಂಭ' ಎಂದು ಅವಳ ಖಾತೆಯಲ್ಲಿ ನಾನೇ ಹಾಕಿದೆ. ಸಂಜೆಯೊಳಗೆ ನೂರೆಂಟು ಅಭಿನಂದನೆ ಬಂದವು. ಫೋನ್ ಮಾಡಿದರೆ ಅಕ್ಕ ಒಬ್ಬೊಬ್ಬರಿಗೇ ಉತ್ತರ ಬರೆಯುತ್ತ ಕೂತಿದ್ದಳು.

"ಖುಷಿಯಾಯ್ತಾ?" ಎಂದೆ.

"ಕೆಲಸ ಒಳ್ಳೇದೇ. ಲ್ಯಾಬಲ್ಲಿ ಟೀ ತಂದುಕೊಡೋ ಅಜ್ಜ ಆದ್ರೂ ದಿನಾ ಎರಡು ಸಲ ಬಾಗಿಲು ತೆಗೀತಿದ್ರು. ಇಲ್ಲಿ ಪಾರ್ಸೆಲಿನವನು ಕೆಳಗೇ ಇಟ್ಟು ಹೋಗ್ತಾನೆ." ಆಮೇಲೆ ಕೇಳಿದಳು, "ಅಲ್ವೇ, ಇಷ್ಟು ಜನ ಬರೆದಿದಾರಲ್ಲ, ಇವರಲ್ಲಿ ಯಾರನ್ನಾದ್ರೂ ಮನೆಗೆ ಊಟಕ್ಕೆ ಕರೆದ್ರೆ ತಪ್ಪು ತಿಳ್ಕೋತಾರಾ?"

"ಅವರ್ಯಾಕೆ ಅಕ್ಕ, ಈ ಭಾನುವಾರ ನಾನೇ ಬರ್ತೀನಿ" ಎಂದೆ.

"ಬಾ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಖಾತೆ ತೆರೆದುಕೊಟ್ಟು ಹೋದೋಳು, ಅವತ್ತಿಂದ ಪ್ರತಿ ವಾರ ಹೀಗೇ ಅಂತಿದೀಯ."

ನನ್ನ ಮನೆಯಿಂದ ಅವಳ ಮನೆಗೆ ಅರ್ಧ ಗಂಟೆಯ ದಾರಿ.