ಉಲ್ಟಾ ಕೂತ ಹೊಗೆಕೊಳವೆ

ಟೇಕಲ್ ಕಡೆಯ ಕದಿರೇಶ ಮುಳಬಾಗಿಲಿನಾಚೆಯ ಹಳ್ಳಿಯೊಂದಕ್ಕೆ ಮನೆ ಅಳಿಯನಾಗಿ ಬಂದು ವರ್ಷಗಳೇ ಆಗಿದ್ದರೂ ಅತ್ತೆ ಮುತ್ಯಾಲಮ್ಮ ಅವನ ಮುಖ ನೋಡಿ ಒಂದು ಮಾತಾಡಿದವಳಲ್ಲ. ಜಗಳವೇನಿಲ್ಲ. ಅಳಿಯನೆದುರು ಅತ್ತೆ ಬಾಯಿ ಬಿಡಬಾರದೆಂಬುದು ಅವಳ ಕಾಲದ ಮರ್ಯಾದೆ. ಹೇಳಬೇಕಾದ್ದನ್ನೆಲ್ಲ ಬಾಗಿಲ ಮರೆಯಲ್ಲಿ ನಿಂತು ಮಗಳು ಮುನಿಲಕ್ಷ್ಮಿಗೆ ಹೇಳುತ್ತಾಳೆ. “ಅಳಿಯಂದ್ರಿಗೆ ಇನ್ನೊಂದು ಮುದ್ದೆ ಇಕ್ಕೇ” ಎಂದರೆ ಅಲ್ಲೇ ಕೂತ ಕದಿರೇಶ ಕೇಳಿಸದವನಂತಿದ್ದು, ಹೆಂಡತಿ ಅದನ್ನೇ ಇನ್ನೊಮ್ಮೆ ಹೇಳಿದ ಮೇಲೆ ಬೇಡವೆನ್ನಬೇಕು.

ಅವನ ಕಸುಬು ಬೋರ್‌ವೆಲ್ಲಿಗೆ ಪೈಪು ಇಳಿಸುವುದು, ಕೆಟ್ಟ ಮೋಟರು ಎತ್ತುವುದು. ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಇನ್ನೂ ಗಟ್ಟಿಗ. ಆದರೇನು, ಮನೆ ಅಳಿಯನಿಗೆ ಊರು ಕೊಡುವ ಬೆಲೆ ಗೊತ್ತೇ ಇದೆಯಲ್ಲ. ಯಾರೂ ಅವನನ್ನು ಹೆಸರು ಹಿಡಿದು ಕರೆಯರು. ತೆಲುಗಿನಲ್ಲಿ ‘ಅಲ್ಲುಡು’ ಎನ್ನುತ್ತಾರೆ, ಊರಿಗೆಲ್ಲ ಅವನೊಬ್ಬನೇ ಅಳಿಯನೆಂಬಂತೆ. ಏನಾದರೊಂದು ಮಾಡಿ ತೋರಿಸಿ ಆ ಹೆಸರು ಕಳೆದುಕೊಳ್ಳಬೇಕೆಂದು ಅವನು ಕಾಯುತ್ತಿದ್ದ.

ಅದಕ್ಕೆ ಸರಿಯಾಗಿ ಅತ್ತೆಗೆ ಕೆಮ್ಮು ಹಿಡಿಯಿತು. ಹಿಂದುಗಡೆಯ ಅಡುಗೆಮನೆಗೆ ತಗಡಿನ ಸೂರು. ಗ್ಯಾಸಿದ್ದರೂ ಮುದ್ದೆ, ಸಾರು ಸೌದೆ ಒಲೆಯ ಮೇಲೇ ಆಗಬೇಕು. ಹೊಗೆ ಕುಡಿಯುವುದನ್ನು ಬಿಡಮ್ಮ ಎಂದರು ಡಾಕ್ಟರು.

“ಶ್ರೀನಿವಾಸಪುರದಲ್ಲಿ ಹೊಗೆಕೊಳವೆ ಹಾಕೋರು ಅವ್ರೆ, ಕರೆಸು ಅಲ್ಲುಡು” ಎಂದ ಎದುರುಮನೆಯ ನರೇಶ.

ಕದಿರೇಶನಿಗೆ ಮೈಯೆಲ್ಲ ಉರಿಯಿತು. “ಸಾವಿರ ಅಡಿಯಿಂದ ನೀರೆತ್ತೋನು ನಾನು. ಹತ್ತಡಿ ಹೊಗೆ ಎತ್ತಕ್ಕೆ ಬೇರೆಯೋನು ಬೇಕೇನಣ್ಣ?”

ತಾನೇ ಸೂರಿನ ಶೀಟು ಕೊರೆದ. ತಗಡಿನ ಕೊಳವೆಗಳನ್ನು ಒಂದರೊಳಗೊಂದು ಕೂರಿಸಿ ಮೇಲಕ್ಕೆತ್ತಿದ. ಮಳೆನೀರು ಇಳಿಯದಂತೆ ತೂತಿನ ಸುತ್ತ ಪಟ್ಟಿ ಬಡಿದು ಅಂಟು ಮೆತ್ತಿದ, ತುದಿಗೊಂದು ಟೋಪಿ ಇಟ್ಟ. ನೀರಿನ ಪೈಪಿಗೆ ಪಳಗಿದ ಕೈ. ಹರಿವು ಯಾವ ಕಡೆಗೋ ಆ ಕಡೆಯ ಪೈಪಿನ ಬಾಯೊಳಗೆ ಹಿಂದಿನದರ ತುದಿ ಹೋಗಬೇಕು. ಹೊಗೆ ಮೇಲಕ್ಕೆ ತಾನೇ ಹೋಗುವುದು? ಕೆಳಗಿನ ಕೊಳವೆಯನ್ನು ಮೇಲಿನದರೊಳಗೆ ತೂರಿಸಿದ. ಒಲೆ ಹಚ್ಚಿದರೆ ಹೊಗೆ ಸರಾಗವಾಗಿ ಹೊರಟಿತು. ನೋಡಲು ಬಂದ ಹೆಂಗಸರಿಗೆ ಅತ್ತೆ “ನಮ್ಮ ಅಳಿಯಂದ್ರೇ ಹಾಕಿದ್ದು” ಎನ್ನುವುದು ಜಗಲಿಗೂ ಕೇಳಿಸಿತು. ಕದಿರೇಶ ಮೀಸೆ ತಿರುವಿದ.

ಸ್ವಲ್ಪ ದಿನಕ್ಕೆ ಒಂದು ರಾತ್ರಿ ಊಟಕ್ಕೆ ಕೂತವನು ತಟ್ಟೆ ತಳ್ಳಿದ. “ಸಾರು ಯಾಕಿಷ್ಟು ಕಹಿ?”

“ಮೆಂತ್ಯ ಜಾಸ್ತಿ ಬಿತ್ತು, ಇನ್ಮೇಲೆ ನೋಡ್ಕೊಂತೀನಿ ಅಂತ ಹೇಳೇ” ಎಂದಳು ಅತ್ತೆ, ಬಾಗಿಲ ಮರೆಯಿಂದ.

“ನೋಡ್ಕೊಳ್ಳಕ್ಕೆ ಹೇಳು” ಎಂದ, ದೊಡ್ಡ ಮನುಷ್ಯನ ಹಾಗೆ.

ಆಮೇಲೊಂದು ದಿನ ವಕ್ಕಲೇರಿಯ ಕೆಲಸ ಅರ್ಧಕ್ಕೆ ನಿಂತು ಮಧ್ಯಾಹ್ನವೇ ಮನೆಗೆ ಬಂದ. ಅಡುಗೆಮನೆಯಲ್ಲಿ ಅತ್ತೆ ಸ್ಟೂಲು ಹತ್ತಿ, ತೆಂಗಿನ ನಾರಿಗೆ ಬೂದಿ ಹಚ್ಚಿ ಕೊಳವೆ ಉಜ್ಜುತ್ತಿದ್ದಳು. ಕೂಡಿಕೆ ಕೂಡಿಕೆಯಿಂದಲೂ ಕರಿ ಅಂಟುನೀರು ಇಳಿದಿತ್ತು. ಕೆಳಗೊಂದು ಡಬ್ಬಿ, ಸೀರೆ ತುಂಬ ಮಸಿ. ಅವನನ್ನು ಕಂಡದ್ದೇ ತಡಬಡಿಸಿ ಇಳಿದು ಬಾಗಿಲ ಮರೆ ಸೇರಿದಳು.

ನೋಡಿದ ಕೂಡಲೇ ಕದಿರೇಶನಿಗೆ ಹೊಳೆಯಿತು. ಹೊಗೆ ಮೇಲೆ ಹೋಗುತ್ತದೆ ನಿಜ, ಆದರೆ ಅದರ ಮಸಿ ನೀರಾಗಿ ಕೆಳಗಿಳಿಯುತ್ತದೆ. ಮೇಲಿನ ಕೊಳವೆ ಕೆಳಗಿನದರೊಳಗೆ ಕೂತಿದ್ದರೆ ಅದು ಒಳಗೊಳಗೇ ಇಳಿದು ಒಲೆಯಲ್ಲೇ ಸುಟ್ಟುಹೋಗುತ್ತಿತ್ತು. ಅವನು ಪೂರ್ತಿ ಉಲ್ಟಾ ಹಾಕಿದ್ದ.

“ದಿನಾ ನೀನು ಆ ಕಡೆ ಹೋದ್ಮೇಲೆ ಉಜ್ಜುತ್ತೆ ಅಮ್ಮ” ಎಂದಳು ಮುನಿಲಕ್ಷ್ಮಿ. “ಅವತ್ತು ಸಾರಿಗೆ ಬಿದ್ದಿದ್ದೂ ಅದೇ. ಹೇಳ್ಬೇಡ, ಅಳಿಯಂದ್ರ ಮಾನ ಹೋಗ್ತದೆ ಅಂದಿತ್ತು.”

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವನಿಗೆ. ತಾನು ತಳ್ಳಿದ ತಟ್ಟೆ ಕಣ್ಣಿಗೆ ಕಟ್ಟಿತು. ನರೇಶ ಊರೆದುರು ಉಗಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕೆಮ್ಮುವ ಮುದುಕಿ ತನಗಾಗಿ ಮಸಿ ಬಳಿದುಕೊಂಡಿದ್ದಳು. ಅವನು ಹೋಗಿ ಏಣಿ ತಂದ.

“ಕತ್ತಲಾದ್ಮೇಲೆ ಹತ್ಲಿ ಅಂತ ಹೇಳೇ, ಜನ ನೋಡ್ತಾರೆ” ಎಂದಿತು ಬಾಗಿಲ ಮರೆ.

ಅವನು ಹತ್ತಿಯೇಬಿಟ್ಟ. ಕೊಳವೆ ಬಿಚ್ಚುವುದನ್ನು ಕಂಡು ನರೇಶ ಬೀದಿಯಿಂದ ಕೂಗಿದ, “ಏನ್ ಅಲ್ಲುಡು, ಆಗ್ಲೇ ರಿಪೇರಿನಾ?”

ನಿಜ ಹೇಳಿಬಿಡಬೇಕೆಂದು ಕದಿರೇಶ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಮುತ್ಯಾಲಮ್ಮನ ದನಿ ಬಂತು. “ಗಾಳಿಗೆ ಸಡ್ಲ ಆಗಿತ್ತಪ್ಪ, ಬಿಗಿ ಮಾಡ್ತಾವ್ರೆ!”

“ಹೂಂ ಅಣ್ಣ, ಗಾಳಿ” ಎಂದುಬಿಟ್ಟ ಕದಿರೇಶ. ಆಡಿದ ಮಾತಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೊಳವೆಗಳನ್ನು ತಿರುಗಿಸಿ ಕೂರಿಸಿ ಇಳಿದಾಗ ಮುನಿಲಕ್ಷ್ಮಿ ಕೈಗೆ ನೀರು ಹಾಕಲು ಬಂದಳು. ಅವಳ ಹಿಂದೆ, ಬಾಗಿಲು ಹಿಡಿದಿದ್ದ ಅತ್ತೆಯ ಬೆರಳಷ್ಟೇ ಕಾಣುತ್ತಿತ್ತು. ಉಗುರಿನ ಸಂದಿಯ ಮಸಿ ಬೂದಿಗೂ ಹೋಗಿರಲಿಲ್ಲ. ಕದಿರೇಶ ಕೈ ತೊಳೆಯಲಿಲ್ಲ. ಹಾಗೇ ಬೀದಿ ದಾಟಿ ನರೇಶನ ಜಗಲಿ ಮುಂದೆ ನಿಂತ.

“ಗಾಳಿ ಅಲ್ಲ ಕಣಣ್ಣ. ಉಲ್ಟಾ ಹಾಕಿದ್ದೆ. ಸುರಿದಿದ್ದನ್ನೆಲ್ಲ ನಮ್ಮತ್ತೆ ದಿನಾ ಒರೆಸ್ತಿತ್ತು.”

ನರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀದಿಯೂ ನಕ್ಕಿತು. ಕದಿರೇಶ ತಲೆ ತಗ್ಗಿಸಿಕೊಂಡು ಮನೆಗೆ ಬಂದರೆ, ಬಾಗಿಲ ಮರೆಯಲ್ಲಿ ಯಾರೂ ಇರಲಿಲ್ಲ. ಮುತ್ಯಾಲಮ್ಮ ಹೊಸ್ತಿಲ ಮೇಲೆ ಎದುರಿಗೇ ನಿಂತು, ಅವನ ಮುಖವನ್ನೇ ನೋಡುತ್ತಿದ್ದಳು.

“ಯಾಕ್ ಹೇಳ್ದೆಯೋ? ಇಷ್ಟು ದಿನ ನಾನು ಒರೆಸಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲೋ!”