ಸ್ಕಾರ್ಫಿನ ತುದಿಯ ಗಂಟು

ನಮ್ಮ ಶಾಲೆಯ ಗೈಡ್ಸ್ ಹುಡುಗಿಯರಿಗೆ ನಿಯಮ ಹೇಳಿಕೊಟ್ಟ ಟೀಚರು ನಾನೇ: ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟು ಹಾಕಬೇಕು, ಯಾರಿಗಾದರೂ ಉಪಕಾರ ಮಾಡಿದ ಮೇಲೆಯೇ ಬಿಚ್ಚಬೇಕು. ಗೈಡ್ಸ್‌ನ ರಾಜ್ಯ ಪುರಸ್ಕಾರ ಪರೀಕ್ಷೆಯ ಶಿಬಿರಕ್ಕೆಂದು ಶಿಗ್ಗಾಂವಿಗೆ ಹೊರಟ ದಿನ, ಹಿರೇಕೆರೂರು ಬಸ್ ಸ್ಟ್ಯಾಂಡಿನಲ್ಲೇ ಎಂಟೂ ಹುಡುಗಿಯರ ಗಂಟು ಬಿಚ್ಚಿಯಾಗಿತ್ತು. ಉಳಿದದ್ದು ನನ್ನದೊಂದೇ. ಎಲ್ಲರ ಕಣ್ಣೂ ಅದರ ಮೇಲೆಯೇ.

ತುಂಬಿದ ಚೀಲ ಹಿಡಿದಿದ್ದ ಒಬ್ಬ ಅಜ್ಜಿಯ ಬೆನ್ನು ಹತ್ತಿದೆ.

"ಕೊಡ್ರಿ ಆಯಿ, ನಾ ಹಿಡಕೋತೇನಿ."

"ಯಾಕ, ನನ್ನ ಕೈಗೇನಾಗೇತಿ?"

ನಾನು ಬಿಡಲಿಲ್ಲ. ಮೂರನೇ ಸಲ ಕೇಳಿದಾಗ ಆಕೆ ಚೀಲವನ್ನು ಎದೆಗವಚಿಕೊಂಡಳು. ಕಳ್ಳಿ ಅಂದುಕೊಂಡಾಳೆಂದು ಗಂಟಿನ ಕಥೆ ಹೇಳಿಬಿಟ್ಟೆ. ಅಜ್ಜಿ ನನ್ನ ಸ್ಕಾರ್ಫಿನ ತುದಿಯನ್ನು ಹಿಡಿದು ಗಂಟನ್ನು ನೋಡಿದಳು.

ಹಾವೇರಿ ಬಸ್ ಬಂತು; ಶಿಗ್ಗಾಂವಿಗೆ ಅಲ್ಲಿಂದ ಬಸ್ ಬದಲಿಸಬೇಕಿತ್ತು. ನೂಕಾಟದಲ್ಲಿ ಅಜ್ಜಿ ಕಿಟಕಿಯಿಂದ ಚೀಲ ತೂರಿಸಿ ಸೀಟು ಹಿಡಿದಳು. ನಾನು ಹತ್ತಿದ್ದೇ ತಡ, ಕೈ ಹಿಡಿದು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡಳು.

"ಕುಂದರವ್ವ, ಆಗಿಂದ ನಿಂತೀದಿ."

ಆಮೇಲೆ ತನ್ನ ಸೆರಗಿನ ತುದಿಯ ಗಂಟು ಬಿಚ್ಚಿ, ಅಡಕಿ ಚೂರು ಬಾಯಿಗೆ ಹಾಕಿಕೊಂಡು ನಕ್ಕಳು. "ನಂದು ಬಿಚ್ಚಿತು ನೋಡು."

ನಾನೂ ಸೋಲುವವಳಲ್ಲ. ನಿಂತವರಿಗೆ ಸೀಟು ಬಿಟ್ಟುಕೊಡೋಣವೆಂದು ಏಳಲು ನೋಡಿದೆ. ಹಾವೇರಿ ಬರುವ ತನಕ ಅಜ್ಜಿ ನನ್ನ ಕೈ ಬಿಡಲಿಲ್ಲ.